ಲಾರಬೀ ಕೌಂಟಿಯ ಜನನ ಪುಸ್ತಕ

ಉದ್ದ ಮೂವತ್ತು ಮೈಲಿ, ಅಗಲ ಇಪ್ಪತ್ತನಾಲ್ಕು.
ಸರ್ವೆಯವರು ಸರಪಳಿ ಎಳೆದು ಹೋದ ಮೇಲೆ
ಭೂಮಿ ಇಲ್ಲಿ ಚೌಕಾಬಾರದ ಮನೆ.
ದಾರಿಗಳೆಲ್ಲ ನೆಟ್ಟಗೆ. ತಿರುವೆಂದರೆ ಒಂದೇ,
ಅದೂ ಯಾರದೋ ಹಂದಿ ಸರ್ವೆ ಗೂಟ ಕಿತ್ತಿದ್ದರಿಂದ, ಅನ್ನುತ್ತಾರೆ.

ನಾನು ಆರ್ವಿಲ್ಲಾ ಯಾಂಟ್ಜಿ, ಇಲ್ಲಿಯ ಗುಮಾಸ್ತೆ.
ಮದುವೆ, ಮರಣ, ನಾಯಿ ಲೈಸೆನ್ಸು,
ಒಣಹುಲ್ಲಿಗೆ ಬೆಂಕಿ ಇಡಲು ಪರವಾನಗಿ:
ಎಲ್ಲಕ್ಕೂ ಒಂದೇ ಕಿಟಕಿ, ಒಂದೇ ಸೀಲು.

ಹೊಳೆಗೆ ಮಾತ್ರ ಚೌಕದ ಲೆಕ್ಕ ಹತ್ತಲಿಲ್ಲ.
ಎಂಬತ್ತೊಂದರ ಹಿಮ ಕರಗಿದಾಗ
ಒಂದೇ ರಾತ್ರಿ ಮಗ್ಗುಲು ಬದಲಿಸಿ ಮಲಗಿತು.
ಗಡಿ ಹಳೆಯ ಪಾತ್ರದಲ್ಲೇ ಉಳಿಯಿತು, ನಕ್ಷೆಗೆ ಎಚ್ಚರವಾಗಲಿಲ್ಲ.
ಇವತ್ತಿಗೂ ಡ್ವೇನ್ ಹ್ರುಬಿ
ಆಚೆ ದಡದಲ್ಲಿ ಕೂತು ಈಚೆ ದಡಕ್ಕೆ ತೆರಿಗೆ ಕಟ್ಟುತ್ತಾನೆ,
ವೋಟಿಗೆ ನಲವತ್ತು ಮೈಲಿ ಸುತ್ತಿ ಬರುತ್ತಾನೆ,
ಬೂಟಿನ ಕೆಸರು ನನ್ನ ಚಾಪೆಗೆ ಒರೆಸಿ,
'ಹೊಳೆಯಿಂದೇನಾದರೂ ಅರ್ಜಿ ಬಂತಾ?' ಅಂತಾನೆ.

ಕೋರ್ಟು ಮೊದಲಿದ್ದದ್ದು ಅಮಿಟಿಯಲ್ಲಿ. ಊರ ಹೆಸರೇ ಸ್ನೇಹ.
ರೈಲು ಬಂದದ್ದು ಡೋರ್‌ಸೆಟ್‌ಗೆ.
ಒಂದು ಭಾನುವಾರ, ಅಮಿಟಿಯವರು ಕಣ್ಮುಚ್ಚಿ ಪ್ರಾರ್ಥನೆಯಲ್ಲಿದ್ದಾಗ,
ಡೋರ್‌ಸೆಟ್‌ನವರು ಮೂರು ಬಂಡಿ ಕಟ್ಟಿ ಬಂದು
ಕಪಾಟು, ಕುರ್ಚಿ, ಕಡತ,
ಗೂಟಕ್ಕೆ ತೂಗಿದ್ದ ನ್ಯಾಯಾಧೀಶರ ಕೋಟು
ಎಲ್ಲ ಹೇರಿಕೊಂಡು ಹೋದರು.
ಹೊಳೆ ದಾಟುವಾಗ ಒಂದು ಪುಸ್ತಕ ಜಾರಿತು,
ಎಪ್ಪತ್ಮೂರರಿಂದ ಎಪ್ಪತ್ತಾರರವರೆಗಿನ ಜನನ.
ಆಗ ಹುಟ್ಟಿದವರು ಕೊನೆತನಕ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಸತ್ತಾಗ ಮಾತ್ರ ಮರೆಯದೆ ಬರೆದುಕೊಂಡಿದ್ದೇವೆ.
ಅಮಿಟಿ ಅಂದರೆ ಈಗ
ಒಂದು ಕೈಪಂಪು, ಎರಡು ಲೈಲಾಕ್ ಪೊದೆ.

ಅದಕ್ಕೂ ಹಿಂದೆ?
ಓಟೋ ಜನ ಈ ನೀರನ್ನು ಏನೋ ಒಂದು ಹೆಸರಿಂದ ಕರೆಯುತ್ತಿದ್ದರು.
ನನ್ನ ಮೊದಲ ಪುಸ್ತಕ ಶುರುವಾಗುವುದು
ಅವರನ್ನು ಕಳಿಸಿದ ಮೇಲೆ.
ಆ ಪುಟದ ಮೇಲ್ಗಡೆ ಅರ್ಧ ಅಂಗುಲ ಖಾಲಿ ಇದೆ.
ಯಾಕೋ ಗೊತ್ತಿಲ್ಲ.

ಸಾವಿರದ ಒಂಬೈನೂರ ಹತ್ತರಲ್ಲಿ
ಒಂಬತ್ತು ಸಾವಿರದ ನಾನೂರು ತಲೆ,
ಮೂವತ್ತೊಂದು ಶಾಲೆ, ಎರಡು ಬ್ಯಾಂಡು,
ಒಂದರ ಜೊತೆ ಒಂದು ಮಾತು ಬಿಟ್ಟ ಮೂರು ಲೂಥರನ್ ಚರ್ಚು.
ಈಗ ಸಾವಿರದ ಎಂಟು.
ಮಾತು ಬಿಡಲೂ ಜನ ಸಾಲದೆ
ಚರ್ಚುಗಳು ಒಂದಾಗಿವೆ.

ತೊಂಬತ್ತಾರರಲ್ಲಿ ಆಸ್ಪತ್ರೆ ಮುಚ್ಚಿತು.
ಆಮೇಲೆ ಇಲ್ಲಿ ಬಸಿರಾಗುತ್ತಾರೆ, ಪಕ್ಕದ ಕೌಂಟಿಯಲ್ಲಿ ಹೆರುತ್ತಾರೆ,
ಕಂಬಳಿ ಸುತ್ತಿ ಮತ್ತೆ ಇಲ್ಲಿಗೇ ತರುತ್ತಾರೆ.
ಸಾಯಲು ಮಾತ್ರ ಯಾರೂ ಗಡಿ ದಾಟುವುದಿಲ್ಲ.
ನನ್ನ ಜನನದ ಪುಸ್ತಕದ ತುಂಬ
ಸೊನ್ನೆ, ಸೊನ್ನೆ, ಸೊನ್ನೆ,
ಕೋಳಿ ಇಟ್ಟು ಮರೆತ ಮೊಟ್ಟೆ.

ಹೋದ ಫೆಬ್ರವರಿ, ಹಂದಿ ಶೆಡ್ಡಿನ ರಾತ್ರಿ ಪಾಳಿಯಲ್ಲಿ
ಯುಲಾಲಿಯಾ ತ್ಸೊಕ್‌ಗೆ ನೋವು ಬಂತು.
ಗ್ವಾಟೆಮಾಲಾದ ಹುಡುಗಿ, ಹಿಮ ಕಂಡು ಎರಡೇ ವರ್ಷ.
ಹೊರಗೆ ಕಣ್ಣು ಬಿಡಲಾಗದ ಬಿರುಹಿಮ.
ಆಂಬುಲೆನ್ಸು ಹಳ್ಳಕ್ಕೆ ಇಳಿದಿತ್ತು.
ಹಿಮ ತಳ್ಳುವ ಲಾರಿಯಲ್ಲಿ ವರ್ಲಿನ್ ಕೂರಿಸಿಕೊಂಡು ಹೊರಟ.
ಕರು ಎಳೆದ ಕೈ ಅವನದು.
ಗಡಿಯ ಹಲಗೆಗೆ ಇನ್ನೂರು ಗಜ ಇರುವಾಗ
ಮಗು ಕಾಯಲಿಲ್ಲ.

ಬೆಳಿಗ್ಗೆ ಕಿಟಕಿಗೆ ಬಂದು, ಟೋಪಿ ತೆಗೆದು ನಿಂತ.
'ಗಡಿಯ ಈಚೆಗಾ?'
'ಈಚೆಗೇ. ಹೆಜ್ಜೆ ಹಾಕಿ ಅಳೆದೆ, ಆರ್ವಿಲ್ಲಾ.'
ಕೆಳಗಿನ ಖಾನೆಯಲ್ಲಿ ಫಾರಂ ಸಿಕ್ಕಿತು,
ಒಂದು ಮೂಲೆ ಇಲಿ ತಿಂದಿತ್ತು.
ವರ್ಷದ ಜಾಗದಲ್ಲಿ ಮೊದಲೇ ಅಚ್ಚಾಗಿತ್ತು
ಒಂದು, ಒಂಬತ್ತು, ಆಮೇಲೆ ಖಾಲಿ ಗೆರೆ.
ಹೊಡೆದು ಹಾಕಿದೆ. ಮಸಿ ಹಿಡಿಯಲಿಲ್ಲ.
ಪೆನ್ನು ಝಾಡಿಸಿ ಎರಡು, ಸೊನ್ನೆ ಅಂತ ಬರೆದೆ.

ಹುಟ್ಟಿದ ಸ್ಥಳ?
'ಹದಿನೇಳನೇ ರಸ್ತೆ. ತಿರುವು ಇದೆಯಲ್ಲ, ಅಲ್ಲಿ.'
ಹೆಸರು?
'ಇಟ್ಟಿಲ್ಲ. ಅವರಮ್ಮನಿಗೆ ಫೋನು ಸಿಗಬೇಕಂತೆ.'
ಆ ಜಾಗ ಹಾಗೇ ಬಿಟ್ಟೆ.

ವರ್ಲಿನ್ ಹೋಗಲಿಲ್ಲ.
ಸೀಲು ಬೀಳುವ ಸದ್ದು
ಕೇಳಿಕೊಂಡು ಹೋಗುತ್ತಾನಂತೆ.